ಎರಡನೇ ಲೈನನ್ನು ನಡೆದು ನೋಡಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿ ಎರಡು ಹೋಳಾಗಿತ್ತು. ಟೆಲಿಫೋನ್ ಇಲಾಖೆಯಲ್ಲಿದ್ದ ಕಾಲದಲ್ಲಿ ಇಕ್ಕಳ ಹುಡುಕುವ ಪುರುಸೊತ್ತಿಲ್ಲದೆ, ತಾಮ್ರದ ತಂತಿಯ ಮೇಲಿನ ರಬ್ಬರನ್ನು ಉಗುರಿನಿಂದಲೇ ಸುಲಿದು ಸುಲಿದು ಹಾಗಾಗಿತ್ತಂತೆ. ತಾಮ್ರ ಹೋಗಿ ಗಾಜಿನೆಳೆಯ ಕೇಬಲ್ ಬಂದರೂ ಆ ಉಗುರಿನ ಕೆಲಸ ಮುಗಿದಿರಲಿಲ್ಲ. ಕೇಬಲನ್ನು ಎಡಗೈಯಲ್ಲಿ ಹಿಡಿದು ಅದರ ಮೇಲೆ ಆ ಸೀಳುಗುರನ್ನು ಮೆಲ್ಲಗೆ ಎಳೆದುಕೊಂಡು ಹೋಗುವರು. ಎಲ್ಲೋ ಒಂದು ಕಡೆ ನಿಂತು, "ಇಲ್ಲೈತೆ ನೋಡಿ, ಇಲಿ ಬಾಯಿ ಆಕೈತೆ" ಎನ್ನುವರು. ಕಣ್ಣಿಟ್ಟು ನೋಡಿದರೆ ನಿಜಕ್ಕೂ ಅಲ್ಲೊಂದು ಗೀರು ಇರುತ್ತಿತ್ತು.

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಲೈನ್‌ಮನ್ ಎಂದೇ ಕರೆಯುತ್ತಿದ್ದೆವು. ಇಲಾಖೆಯಿಂದ ನಿವೃತ್ತರಾದ ಮೇಲೆ ಹಾಸನದ ಒಂದು ಸಣ್ಣ ನೆಟ್‌ವರ್ಕ್ ಕಂಪನಿ ಸೇರಿದ್ದರು. ನಮ್ಮದು ರಕ್ತಪರೀಕ್ಷೆ, ಎಕ್ಸ್‌ರೇ, ಇಸಿಜಿ ಮಾಡುವ ಸಂಸ್ಥೆ. ದೊಡ್ಡ ಲ್ಯಾಬು ಹಾಸನದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಸೆಂಟರು. ಈ ನಾಲ್ಕನ್ನೂ ಸೇರಿಸುವ ನಮ್ಮದೇ ಖಾಸಗಿ ಲೈನುಗಳಿದ್ದವು. ಸಂಸ್ಥೆಯ ಮಾಲೀಕರಾದ ಡಾಕ್ಟರಿಗೆ ಅದರ ವಿಷಯದಲ್ಲಿ ಭಾರಿ ಹಟ. "ರೋಗಿಯ ರಿಪೋರ್ಟು ಊರವರ ಇಂಟರ್‌ನೆಟ್ಟಿನಲ್ಲಿ ಓಡಾಡಬಾರದು" ಎನ್ನುತ್ತಿದ್ದರು. ಆ ಲೈನುಗಳಿಗೆ ಸಂಸ್ಥೆಯ ಕಡೆಯಿಂದ ಜವಾಬ್ದಾರಿ ನನ್ನದು; ಕೇಬಲ್ ಯಾವ ಕಂಪನಿಯದೇ ಇರಲಿ, ಅದನ್ನು ನೋಡಿಕೊಂಡು ರಿಪೇರಿ ಮಾಡುವ ಗುತ್ತಿಗೆ ಲೈನ್‌ಮನ್ನರ ಕಂಪನಿಯದು. ಹಾಸನದ ಮೂರನೇ ಮಹಡಿಯಲ್ಲಿ ತಣ್ಣಗಿನ ಕೋಣೆ, ದೊಡ್ಡ ಸ್ಕ್ರೀನು, ಅದರಲ್ಲಿ ನಾಲ್ಕು ಊರುಗಳ ಹಸಿರು ಚುಕ್ಕೆ. ನಾನು ಅಲ್ಲಿ ಕೂತು ರಾಣಿಯ ಹಾಗೆ ಆಳುತ್ತಿದ್ದೆ.

ಲೈನ್‌ಮನ್ನರಿಗೂ ನನಗೂ ಮೊದಮೊದಲು ಎಣ್ಣೆ ಸೀಗೇಕಾಯಿ. ನಾನು ನಕ್ಷೆ ಬಿಡಿಸಿ ಎದುರಿಗಿಟ್ಟರೆ ಅವರು ಅದನ್ನು ನೋಡದೆ ಕಿಟಕಿಯ ಕಡೆ ನೋಡುವರು. "ಕಾಗ್ದದ ಮ್ಯಾಲೆ ಎಲ್ಲಾ ಲೈನೂ ನೆಟ್ಗೇ ಓಯ್ತವೆ ಕಣಮ್ಮ. ನೀವು ಸ್ಕ್ರೀನ್ ನೋಡ್ಕಳಿ, ನಾನು ನೆಲ ನೋಡ್ಕಂಡ್ ಬತ್ತೀನಿ" ಎಂದು ಎದ್ದುಬಿಡುವರು. ಯಾವ ಹೊಸ ಗ್ರಾಹಕರ ಲೈನು ಬಂದರೂ ಮೊದಲು ಈ ತುದಿಯಿಂದ ಆ ತುದಿಯವರೆಗೆ ಅದನ್ನು ನಡೆದು ನೋಡುವುದು ಅವರ ಪದ್ಧತಿ. ದಿನಕ್ಕೆ ಆರೇಳು ಕಿಲೋಮೀಟರು. ಮೊಪೆಡ್ಡನ್ನು ಎಲ್ಲಾದರೂ ಅಂಗಡಿ ಮುಂದೆ ನಿಲ್ಲಿಸಿ, ಕಂಬ ಕಂಬಕ್ಕೂ ತಲೆಯೆತ್ತಿ, ಮೋರಿ ಮೋರಿಗೂ ಬಗ್ಗಿ ನೋಡುವುದು. ಇದೆಲ್ಲ ಹಳೇ ಕಾಲದ ಚಾಳಿ, ಉಪಕರಣಗಳು ಒಂದು ನಿಮಿಷದಲ್ಲಿ ಹೇಳುವುದನ್ನು ಈ ಮನುಷ್ಯ ಹದಿನೈದು ದಿನ ತಿರುಗಿ ತಿಳಿದುಕೊಳ್ಳುತ್ತಾರೆ ಎಂದು ನಾನು ನಗುತ್ತಿದ್ದೆ.

ದಾರಿಯುದ್ದಕ್ಕೂ ಅವರಿಗೆ ನೆಂಟರು. ಪಂಕ್ಚರ್ ಅಂಗಡಿಯವನು, ಹಾಲಿನ ಡೇರಿಯವರು, ಬಸ್ ಸ್ಟಾಪಿನಲ್ಲಿ ಎಳನೀರು ಕೊಚ್ಚುವವರು. ಎಲ್ಲರ ಫೋನ್ ನಂಬರೂ ಅವರಲ್ಲಿ, ಅವರ ನಂಬರು ಎಲ್ಲರಲ್ಲಿ. ಯಾರದೋ ಹಸು ಕರು ಹಾಕಿದ್ದು, ಯಾರದೋ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ್ದು, ಎಲ್ಲಾ ನನಗೂ ಬಂದು ವರದಿ ಒಪ್ಪಿಸುತ್ತಿದ್ದರು. ನನಗೆ ಬೇಕಾಗಿದ್ದು ಲೈನಿನ ವರದಿ. ಅದನ್ನು ಮಾತ್ರ ಎರಡೇ ಪದದಲ್ಲಿ ಮುಗಿಸುವರು: "ಸರಿಯಾಗೈತೆ, ಮೇಡಮ್ಮೋರೆ."

ಇಂಥ ಹೊತ್ತಿನಲ್ಲಿ ಅರಕಲಗೂಡಿನ ಸೆಂಟರಿಗೆ ಕುತ್ತು ಬಂತು. ಅಲ್ಲಿ ಐದು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯರಾದ ಸಿಸ್ಟರ್ ಎದೆನೋವೆಂದು ಬಂದವರ ಇಸಿಜಿ ತೆಗೆದರೆ, ಅದು ಲೈನಿನಲ್ಲಿ ಹಾಸನಕ್ಕೆ ಬಂದು, ಡಾಕ್ಟರು ನೋಡಿ, ಮನೆಗೆ ಕಳಿಸಿ ಅಥವಾ ಈಗಲೇ ಗಾಡಿ ಹತ್ತಿಸಿ ಎಂದು ಐದು ನಿಮಿಷದಲ್ಲಿ ಹೇಳುತ್ತಿದ್ದರು. ಒಂದೇ ತಿಂಗಳಲ್ಲಿ ಎರಡು ಸಲ ಲೈನು ಕೈಕೊಟ್ಟಿತು. ಎರಡನೇ ಸಲ, ಏನೂ ಆಗಿರದ ಒಬ್ಬ ಮುದುಕರನ್ನು ಹೆದರಿಕೆಗೆ ಬಾಡಿಗೆ ಕಾರಿನಲ್ಲಿ ಹಾಸನಕ್ಕೆ ಓಡಿಸಿದರು. ಅವರ ಮಕ್ಕಳು ಬಂದು ಡಾಕ್ಟರ ಮುಂದೆ ಕೂಗಾಡಿದರು. ಡಾಕ್ಟರು ನನ್ನನ್ನು ಕರೆಸಿ, "ನಂಬಿಕೆ ಇಲ್ಲದ ಕಡೆ ಬಾಗಿಲು ತೆರೆದು ಕೂತರೆ ತಪ್ಪಾಗುತ್ತದೆ. ಮುಚ್ಚಿಬಿಡೋಣ" ಎಂದರು.

ಆ ಐದು ಜನರನ್ನು ಸಂದರ್ಶನ ಮಾಡಿ ಆರಿಸಿದವರಲ್ಲಿ ನಾನೂ ಒಬ್ಬಳು. ನಾನು ನಕ್ಷೆ ಬಿಡಿಸಿದೆ. ಕೆಂಪು ಗೆರೆ ಹಾಸನದಿಂದ ನೇರ ಅರಕಲಗೂಡಿಗೆ. ಅದರ ಜೊತೆಗೆ ಬೇರೊಂದು ಕಂಪನಿಯಿಂದ ಎರಡನೇ ಲೈನು ತೆಗೆದುಕೊಳ್ಳೋಣ, ಅದು ನೀಲಿ ಗೆರೆ, ಹೊಳೆನರಸೀಪುರ ಸುತ್ತಿ ಹಳ್ಳಿಮೈಸೂರಿನ ಮೇಲೆ ಬರುತ್ತದೆ. ಒಂದು ಹೋದರೆ ಇನ್ನೊಂದು ತಾನಾಗಿ ಎತ್ತಿಕೊಳ್ಳುತ್ತದೆ. "ಎರಡಕ್ಕೂ ಎಲ್ಲೂ ಸಂಬಂಧವೇ ಇಲ್ಲ, ಸಾರ್. ಇದಕ್ಕೆ ನಾನು ಜವಾಬ್ದಾರಿ" ಎಂದೆ. ಡಾಕ್ಟರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಎರಡನೇ ಲೈನು ಬಂದ ದಿನದಿಂದ ಮೂರು ತಿಂಗಳು ಗಡುವು ಕೊಟ್ಟರು. ಆ ಮೂರು ತಿಂಗಳಲ್ಲಿ ಅರಕಲಗೂಡು ಒಂದು ಸಲ ನಿಂತರೂ ಸೆಂಟರಿಗೆ ಬೀಗ.

ನೀಲಿ ಗೆರೆ ಬಂತು. ಲೈನ್‌ಮನ್ ಎಂದಿನಂತೆ ನಡೆದು ನೋಡಲು ಹೊರಟರು. ನಾನು ಸ್ಕ್ರೀನಿನ ಮುಂದಿನಿಂದ ಏಳದೆ ಕೂತೆ. ನಮ್ಮಂಥ ಗ್ರಾಹಕರಿಗೆ ಧೈರ್ಯವಿರಲಿ ಎಂದು ಅವರ ಕಂಪನಿ, ಕೆಲಸದವರ ಫೋನು ಎಲ್ಲೆಲ್ಲಿದೆ ಎಂಬುದೂ ನನ್ನ ಸ್ಕ್ರೀನಿಗೆ ಬರುವ ಹಾಗೆ ಮಾಡಿತ್ತು. ಎರಡನೇ ವಾರದಲ್ಲಿ ಅವರ ಚುಕ್ಕೆ ಹಳ್ಳಿಮೈಸೂರಿನ ಆಚೆ ಒಂದು ಕಡೆ ನಿಂತಿತು. ಮಧ್ಯಾಹ್ನ ಒಂದು ಗಂಟೆಯಿಂದ ಎರಡು ಗಂಟೆಯವರೆಗೆ. ಮಾರನೇ ದಿನವೂ ಅಲ್ಲೇ, ಅದೇ ಹೊತ್ತು. ಮೂರನೇ ದಿನವೂ. ಉಪಗ್ರಹದ ಚಿತ್ರ ದೊಡ್ಡದು ಮಾಡಿ ನೋಡಿದೆ: ಹೊಲದ ಅಂಚಿನಲ್ಲಿ ಒಂದು ಹೆಂಚಿನ ಮನೆ, ಜಗಲಿ, ಒಂದು ಹುಲ್ಲಿನ ಬಣವೆ.

ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ಐದು ಜನರ ಅನ್ನದ ಪ್ರಶ್ನೆ, ಇವರು ಅಲ್ಲಿ ಜಗಲಿ ಮೇಲೆ ಕಾಲು ಚಾಚಿದ್ದಾರೆ! ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಅವರ ಕಂಪನಿಗೆ ನೇರವಾಗಿ ಒಂದು ದೂರು ಬರೆದೆ. 'ಕೆಲಸದ ವೇಳೆಯಲ್ಲಿ ಖಾಸಗಿಯವರ ಮನೆಯಲ್ಲಿ ಕಾಲ ಕಳೆಯುತ್ತಿದ್ದಾರೆ' ಎಂಬ ವಾಕ್ಯವನ್ನು ಎರಡು ಸಲ ಓದಿ, ಚೆನ್ನಾಗಿದೆ ಅನ್ನಿಸಿ ಕಳಿಸಿದೆ.

ಕಂಪನಿಯವರು ಅವರಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಆ ವಯಸ್ಸಿನಲ್ಲಿ, ನಲವತ್ತು ವರ್ಷ ಕಂಬ ಹತ್ತಿ ಇಳಿದವರಿಗೆ, ಅಂಥದ್ದೊಂದು ಪತ್ರ. ಎರಡು ದಿನ ಬಿಟ್ಟು ಅವರು ನನ್ನ ಕೋಣೆಗೆ ಬಂದರು. ಜಗಳಕ್ಕೆ ತಯಾರಾಗಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಮೇಡಮ್ಮೋರೆ, ನೀವು ಬರ್ದಿರೋದು ದಿಟ. ಕೂತಿದ್ದೆ" ಎಂದರು. ಅಷ್ಟೇ. ಆಮೇಲೆ, "ಭಾನ್ವಾರ ಮಧ್ಯಾಹ್ನ ನಿಮ್ ನೀಲಿ ಲೈನ್ನ ಒಸಿ ಒತ್ತು ನಿಲ್ಲಿಸ್ತೀನಿ. ಕೆಲ್ಸ ಅದೆ. ಕೆಂಪುದ್ರಲ್ಲಿ ಓಡ್ತದೆ, ಎದ್ರುಕಬೇಡಿ" ಎಂದು ಹೇಳಿ ಹೋದರು. ಏನು ಕೆಲಸ ಎಂದು ನಾನು ಬಿಗುಮಾನದಲ್ಲಿ ಕೇಳಲಿಲ್ಲ. ಭಾನುವಾರ ನೀಲಿ ನಲವತ್ತು ನಿಮಿಷ ನಿಂತು ಮತ್ತೆ ಬಂತು. ಅರಕಲಗೂಡಿನ ಚುಕ್ಕೆ ಹಸಿರಾಗಿಯೇ ಇತ್ತು. ನೋಡಿದಿರಾ, ಒಂದು ಕಾಗದ ಬರೆದ ಮೇಲೆ ಎಷ್ಟು ಚುರುಕಾದರು ಎಂದು ಮನೆಯಲ್ಲಿ ಯಜಮಾನರ ಹತ್ತಿರ ಹೇಳಿಕೊಂಡೆ.

ಗಡುವು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಸೋಮವಾರ, ಬೆಳಿಗ್ಗೆ ಹತ್ತೂವರೆ. ಅರಕಲಗೂಡಿನ ಸಿಸ್ಟರ್ ಫೋನ್ ಮಾಡಿ, ಬಸ್ ಕಂಡಕ್ಟರೊಬ್ಬರು ಎದೆ ಹಿಡಿದುಕೊಂಡು ಬಂದಿದ್ದಾರೆ, ಇಸಿಜಿ ಕಳಿಸುತ್ತಿದ್ದೇನೆ ಎಂದರು. ಅವರು ಮಾತಾಡುತ್ತಿದ್ದ ಹಾಗೆಯೇ ನನ್ನ ಎದುರು ಕೆಂಪು ಗೆರೆ ಆರಿಹೋಯಿತು. ಒಂದು, ಎರಡು, ಮೂರು ಸೆಕೆಂಡು. ನೀಲಿ ಎತ್ತಿಕೊಂಡಿತು. ಅರಕಲಗೂಡಿನ ಚುಕ್ಕೆ ಒಮ್ಮೆ ಮಿಣುಕಿ ಹಸಿರಿನಲ್ಲೇ ನಿಂತಿತು. ಕೆಳಗಿನ ಮಹಡಿಯಿಂದ ಅದೇ ಕರೆಗೆ ಸೇರಿದ್ದ ಡಾಕ್ಟರ ದನಿ ಫೋನಿನಲ್ಲಿ ಬಂತು: "ಸಿಸ್ಟರ್, ಹೃದಯಕ್ಕೇನೂ ಆಗಿಲ್ಲ. ಬೆಳಿಗ್ಗೆ ಏನು ತಿಂದರು ಕೇಳಿ." ಸಿಸ್ಟರ್ ಕೇಳಿದರು. "ಆರು ಮೆಣಸಿನಕಾಯಿ ಬಜ್ಜಿಯಂತೆ, ಸಾರ್" ಎಂದರು. ಡಾಕ್ಟರು ನಕ್ಕಿದ್ದು, ಅಲ್ಲಿ ಕಂಡಕ್ಟರು ನಾಚಿಕೊಂಡು ಏನೋ ಹೇಳಿದ್ದು, ಸಿಸ್ಟರ್ ನಕ್ಕಿದ್ದು ಎಲ್ಲಾ ಕೇಳಿಸಿತು. ನಾನು ಮಾತ್ರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಂಥ ನೆಮ್ಮದಿಯ ಅಳು ನನಗೆ ಮೊದಲ ಹೆರಿಗೆ ಆದಾಗ ಬಂದಿತ್ತು, ಆಮೇಲೆ ಅವತ್ತು.

ಮಧ್ಯಾಹ್ನ ಡಾಕ್ಟರು ಎಲ್ಲರೆದುರಿಗೆ ನನ್ನ ನಕ್ಷೆಯನ್ನು ಹೊಗಳಿದರು. ನಾನು ಉಬ್ಬಿಹೋದೆ. ಕೆಂಪು ಲೈನು ಎಲ್ಲಿ ತುಂಡಾಗಿದೆ ಎಂದು ಫೋಟೋ ತೆಗೆದು ದಾಖಲೆ ಮಾಡೋಣವೆಂದು ಕಾರು ಹತ್ತಿದೆ. ಲೈನ್‌ಮನ್ನರ ಚುಕ್ಕೆ ಎಲ್ಲಿದೆಯೋ ಅಲ್ಲೇ ತುಂಡಾಗಿರಬೇಕಲ್ಲ. ಅದು ನೇರ ದಾರಿಯಲ್ಲಿರಲಿಲ್ಲ. ಹಳ್ಳಿಮೈಸೂರಿನ ಆಚೆ ಅದೇ ಜಾಗದಲ್ಲಿತ್ತು. ಕೆಂಪು ಗೆರೆಗೂ ಹಳ್ಳಿಮೈಸೂರಿಗೂ ಏನು ಸಂಬಂಧ? ನನಗೆ ಏನೋ ಕಸಿವಿಸಿ ಶುರುವಾಯಿತು.

ಅಲ್ಲಿ ನಾಲೆಯ ಹೂಳೆತ್ತುತ್ತಿದ್ದ ಜೆಸಿಬಿ, ರಸ್ತೆಯ ಕೆಳಗಿನ ಮೋರಿಯ ಬಾಯಿಗೆ ಬಕೆಟ್ಟು ಹಾಕಿತ್ತು. ಒಡೆದ ಪೈಪಿನಿಂದ ಎರಡು ಕೇಬಲ್ಲುಗಳು ಹೊರಗೆ ಜೋತಾಡುತ್ತಿದ್ದವು. ಎರಡೂ ತುಂಡಾಗಿದ್ದವು. ಬಗ್ಗಿ ಅವುಗಳಿಗೆ ಕಟ್ಟಿದ್ದ ಹೆಸರಿನ ಪಟ್ಟಿ ಓದಿದೆ. ಒಂದು ನಮ್ಮ ಕೆಂಪು ಲೈನಿನ ಕಂಪನಿಯದು. ಇನ್ನೊಂದು ನೀಲಿಯದು. ಹಾಸನದ ರಸ್ತೆ ಅಗಲ ಮಾಡುವಾಗ ನೇರ ದಾರಿಯ ಕೇಬಲ್ ಕಿತ್ತುಹೋಗಿ, ಆ ಕಂಪನಿ ಯಾರಿಗೂ ಹೇಳದೆ ತನ್ನ ಲೈನನ್ನು ಈ ಕಡೆಗೆ ಸುತ್ತಿಸಿ, ನೀಲಿಯವರ ಪೈಪಿನೊಳಕ್ಕೇ ತೂರಿಸಿತ್ತಂತೆ. ಎಲ್ಲೂ ಸಂಬಂಧವಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದ ಎರಡು ಲೈನುಗಳು ಈ ಮೋರಿಯಲ್ಲಿ ಒಂದನ್ನೊಂದು ಒರಗಿಕೊಂಡು ಮಲಗಿದ್ದವು. ಎರಡೂ ತುಂಡಾಗಿದ್ದರೆ ಕಂಡಕ್ಟರ ಇಸಿಜಿ ಯಾವ ದಾರಿಯಲ್ಲಿ ಬಂತು?

ತಲೆಯೆತ್ತಿ ನೋಡಿದೆ. ಮೋರಿಗೆ ಸ್ವಲ್ಪ ಮುಂಚೆ ಒಂದು ಕಪ್ಪು ಕೇಬಲ್ ನೆಲ ಬಿಟ್ಟು ಮೇಲೇರಿ, ಮೆಕ್ಕೆಜೋಳದ ಹೊಲದ ಬದುವಿನ ಹೊಸ ಕಂಬ ಹಾದು, ನಾಲೆ ದಾಟಿ ಆಚೆ ಇಳಿದಿತ್ತು. ಹೊಲದ ಅಂಚಿನಲ್ಲಿ ಹೆಂಚಿನ ಮನೆ, ಜಗಲಿ, ಹುಲ್ಲಿನ ಬಣವೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಒಬ್ಬ ಅಜ್ಜಿ ಕೂತಿದ್ದರು.

"ಆ ಕಂಬ ಯಾವಾಗ ಬಂತು, ಅಜ್ಜಿ?" ಎಂದೆ.

"ಅದಾ? ಆವಯ್ಯ ನೆಡಿಸಿದ್ದು ಕಣವ್ವ, ಆಗ್ಲೇ ಎರಡ್ ತಿಂಗ್ಳಾಯ್ತು. ಮೂರ್ ದಿನ ಬಂದ. ಎರಡು ಲೈನೂ ಒಂದೇ ಪೈಪಲ್ಲವೆ, ಒಂದ್ನ ಮೇಲಕ್ಕೆ ಎತ್ಕತೀನಿ, ಬದಿನ ಮ್ಯಾಗೆ ಒಂದ್ ಕಂಬಕ್ಕೆ ಜಾಗ ಕೊಡವ್ವಾ ಅಂದ. ನಿಮ್ ಕಂಪ್ನಿ ಕಂಬ ನನ್ ಒಲಕ್ಕೆ ಯಾಕಪ್ಪಾ ಅಂದೆ. ಅರಕಲಗೂಡಲ್ಲಿ ಎದೆನೋವು ಅಂತ ಬಂದೋರ ಚೀಟಿ ಈ ತಂತಿಲೇ ಆಸ್ನಕ್ಕೆ ಓಗೋದು ಅಂದ. ಅಂಗಾರೆ ನೆಟ್ಕೋ ಬುಡು ಅಂದೆ" ಎಂದು ಅಜ್ಜಿ ಸುಲಿದ ಕಾಳನ್ನು ಮೊರಕ್ಕೆ ಹಾಕಿದರು. "ನೀನ್ಯಾರವ್ವ?"

ಅಜ್ಜಿಗೆ ಕೈಮುಗಿದು ಮೋರಿಯ ಕಡೆ ನಡೆದೆ.

ಲೈನ್‌ಮನ್ ಮೋರಿಯ ಆಚೆ ತುದಿಯಲ್ಲಿ ಕೊಡೆ ಬಿಡಿಸಿಕೊಂಡು ಕೆಂಪು ಲೈನಿನ ಗಾಜಿನೆಳೆಗಳನ್ನು ಬೆಸೆಯುತ್ತಿದ್ದರು. ಪಕ್ಕಕ್ಕೆ ಹೋಗಿ ನಿಂತೆ. "ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಕ್ಷಮೆ ಕೇಳಬೇಕಾದವಳು ಜಬರಿಸುವ ದನಿಯಲ್ಲೇ ಕೇಳಿದೆ.

ಅವರು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಯೋಳಿದ್ರೆ ನೀವು ಡಾಕ್ಟ್ರುಗೆ ಯೋಳ್ಬೇಕು, ಇಲ್ಲಾ ಮುಚ್ಚಿಡ್ಬೇಕು. ಯೋಳಿದ್ರೆ ಅವ್ರು ಅವತ್ತೇ ಬೀಗ ಆಕೋರು. ಮುಚ್ಚಿಡೋದು ನಿಮ್ ಕೈಲಿ ಆಗಾಕಿಲ್ಲ, ಮಕದಲ್ಲೇ ಕಾಣ್ತದೆ. ಅದ್ಕೇ ಮೊದ್ಲು ನೀಲಿದ್ನ ಕಂಬಕ್ಕೆ ಎತ್ತಿ ಕೆಲ್ಸ ಮುಗಿಸ್ಬುಡಾಣ ಅಂದ್ಕಂಡೆ. ಪೈಪಲ್ಲಿ ಉಳ್ದಿರೋದು ಅದ್ರ ಹಳೇ ತುಂಡು" ಎಂದರು. ನಾನು ದೂರು ಬರೆದ ಆ ಒಂದೊಂದು ಗಂಟೆಯೂ ನನ್ನ ತಪ್ಪನ್ನು ಸರಿಮಾಡಲು ಅವರು ಕೂತ ಗಂಟೆ. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಆದರೂ ಅವತ್ತು ಕ್ಷಮೆ ಕೇಳಲಿಲ್ಲ. ನೀರಿನ ಬಾಟಲಿ ಕೊಟ್ಟು ಬಂದೆ.

ಸಂಜೆ ಡಾಕ್ಟರ ಹತ್ತಿರ ಹೋಗಿ ಎಲ್ಲಾ ಹೇಳಿಬಿಡೋಣವೆಂದು ಬಾಗಿಲು ತಟ್ಟಿದೆ. ಅವರೇ ಮೊದಲು ಮಾತು ತೆಗೆದರು. "ಲೈನ್‌ಮನ್ ಈಗ ಫೋನ್ ಮಾಡಿದ್ದರು. ಎರಡೂ ಲೈನು ಒಂದೇ ಮೋರಿಯಲ್ಲಿದ್ದದ್ದನ್ನು ನೀವೇ ಗಮನಿಸಿ, ಹೇಳಿ, ಬೇರೆ ಮಾಡಿಸಿದಿರಂತೆ. ಒಳ್ಳೆಯ ಕೆಲಸ." ನಾನು 'ಥ್ಯಾಂಕ್ಸ್, ಸಾರ್' ಎಂದು ಹೊರಗೆ ಬಂದುಬಿಟ್ಟೆ. ಒಂಬತ್ತು ದಿನ ಕಳೆಯಿತು, ಗಡುವು ಮುಗಿಯಿತು. ಡಾಕ್ಟರು ಅರಕಲಗೂಡಿನ ಕಟ್ಟಡದ ಬಾಡಿಗೆ ಕರಾರನ್ನು ಐದು ವರ್ಷಕ್ಕೆ ಮುಂದುವರಿಸಿದರು. ಸಿಸ್ಟರ್ ಮಿಕ್ಕ ಮೂರೂ ಊರಿಗೆ ಮೈಸೂರುಪಾಕು ಕಳಿಸಿದರು. ನನ್ನ ಪಾಲಿನದನ್ನು ತಿಂದೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿಯೇ ಇತ್ತು.

ಆ ವರ್ಷವೇ ಅವರು ಕೆಲಸ ಬಿಟ್ಟರು. ಮಂಡಿ ನೋವು, ಇನ್ನು ನಡೆಯಲಾರೆ ಎಂದರಂತೆ. ಶಾಂತಿಗ್ರಾಮದಲ್ಲಿ ಅವರ ಮನೆ. ನನ್ನ ಊರು ಚನ್ನರಾಯಪಟ್ಟಣ. ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ದಿನಕ್ಕೆ ಎರಡು ಸಲ ಶಾಂತಿಗ್ರಾಮದಲ್ಲಿ ಬಸ್ಸು ನಿಲ್ಲುತ್ತದೆ. ಎರಡು ಸಲವೂ ಕಿಟಕಿಯಿಂದ ನೋಡುತ್ತಿದ್ದೆ. ಇಳಿಯುತ್ತಿರಲಿಲ್ಲ. ನಾಳೆ ಇಳಿಯೋಣ ಎಂದುಕೊಂಡೇ ಹತ್ತು ತಿಂಗಳು ತಳ್ಳಿದೆ. ಕೊನೆಗೊಂದು ಶನಿವಾರ, ಬಸ್ಸು ಯಾರನ್ನೋ ಇಳಿಸಿ ಹೊರಡುತ್ತಿದ್ದಾಗ ಎದ್ದು ನಿಂತು, "ನಿಲ್ಸಿ, ನಾನೂ ಇಳೀಬೇಕು" ಎಂದು ಕೂಗಿದೆ. ಕಂಡಕ್ಟರು ಬೈದರು. ಇಳಿದೆ.

ಅವರು ಕೊಟ್ಟಿಗೆಯ ಮುಂದೆ ಕೂತು ಹಸುವಿಗೆ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, "ಯಾಕಮ್ಮ, ಲೈನ್ ಓಯ್ತಾ?" ಎಂದರು.

"ಲೈನು ಚೆನ್ನಾಗಿದೆ. ಆ ದೂರು ಬರೆದದ್ದು ತಪ್ಪಾಯಿತು. ಅದನ್ನು ಹೇಳುವುದಕ್ಕೆ ಬಂದೆ" ಎಂದೆ. ನಿಂತಲ್ಲೇ, ಚೀಲವನ್ನು ಕೆಳಗಿಡದೆ, ಒಂದೇ ಉಸಿರಿಗೆ ಹೇಳಿದೆ.

ಅವರು ಹಗ್ಗ ಕೆಳಗಿಟ್ಟರು. ಆಮೇಲೆ ಅವರ ಭುಜ ಕುಣಿಯತೊಡಗಿತು. ನಗುತ್ತಿದ್ದರು. "ನೀವೇನ್ ಸುಳ್ಳು ಬರ್ದಿರ್ಲಿಲ್ಲ ಕಣಮ್ಮ. ಆಯಮ್ಮ ಮೊದ್ಲನೇ ದಿನ್ವೇ ಐದ್ ನಿಮ್ಸಕ್ಕೆ ಒಪ್ಕಂಡ್ಬುಟ್ಲು. ಮೂರ್ ದಿನುದ್ದೂ ಸೇರ್ಸಿದ್ರೆ ಕೆಲ್ಸ ಅರ್ಧ ಗಂಟೆ. ಮಿಕ್ಕಿದ್ದೆಲ್ಲಾ ಊಟ! ಬಿಸಿ ರಾಗಿ ಇಟ್ಟು, ಅವ್ರೆಕಾಳ್ ಸಾರು. ಬ್ಯಾಡ ಅನ್ನಕ್ಕೆ ನನ್ ಕೈಲಿ ಆಗ್ಲಿಲ್ಲ. ಕಂಪ್ನಿಯೋರು ಬೈದಾಗ ಇದ್ನ ಎಂಗ್ ಯೋಳ್ಲಿ? ಸುಮ್ಕಿದ್ದೆ."

ಅಷ್ಟು ದಿನ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಒಂದು ಅವರೆಕಾಳು ಸಾರಿಗೆ ಉರುಳಿಹೋಯಿತು. ನಾನೂ ನಗತೊಡಗಿದೆ. ಅವರ ಮನೆಯವರು ಕಾಫಿ ತಂದವರು ನಮ್ಮಿಬ್ಬರನ್ನೂ ನೋಡಿ, "ಏನಾಯ್ತು ಇವ್ರುಗೆ" ಎಂದು ಬಾಗಿಲಲ್ಲೇ ನಿಂತರು. ಡಾಕ್ಟರಿಗೂ ನಿಜ ಹೇಳಿಬಿಡುತ್ತೇನೆ ಎಂದು ನಾನು ಅಂದಾಗ ಮಾತ್ರ ಲೈನ್‌ಮನ್ ನಗು ನಿಲ್ಲಿಸಿದರು. "ಬ್ಯಾಡಿ. ಈಗ ಯೋಳಿದ್ರೆ ನಾನು ಸುಳ್ಳುಗಾರ ಆಯ್ತೀನಿ. ನಾನ್ ಇರೋಗಂಟ ಬುಟ್ಬುಡಿ" ಎಂದರು. ಒಪ್ಪಿಕೊಂಡೆ. ಬರುವಾಗ ಒಂದು ಚೊಂಬು ಗಿಣ್ಣು ಕೊಟ್ಟು ಕಳಿಸಿದರು.

ಅವರು ಹೋದದ್ದು ಈ ವರ್ಷ, ಮಾಘದ ಚಳಿಯಲ್ಲಿ. ಬೆಳಗಿನ ಕಾಫಿ ಕುಡಿದು, ಬಿಸಿಲಿಗೆ ಕೂತವರು ಹಾಗೆಯೇ ಒರಗಿಕೊಂಡರಂತೆ. ಸುದ್ದಿ ಕೇಳಿ ದುಃಖವಾಯಿತು. ಅದರ ಬೆನ್ನಿಗೇ, ಸದ್ಯ, ಅವತ್ತು ಬಸ್ಸು ಇಳಿದೆನಲ್ಲ ಎಂಬ ಸಮಾಧಾನವೂ ಬಂತು. ಇಳಿಯದೇ ಇದ್ದಿದ್ದರೆ ದಿನಕ್ಕೆರಡು ಸಲ ಆ ಊರನ್ನು ಹೇಗೆ ಹಾಯುತ್ತಿದ್ದೆನೋ ತಿಳಿಯದು.

ಅವರಿಗೆ ಕೊಟ್ಟ ಮಾತಿನ ಗಡುವು ಮುಗಿದಿತ್ತು. ನೇರ ಡಾಕ್ಟರ ಕೋಣೆಗೆ ಹೋಗಿ, ಮೋರಿಯಿಂದ ಹಿಡಿದು ಅವರೆಕಾಳು ಸಾರಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಂಬ ನೆಡುವ ಮುಂಚೆಯೇ ನನಗೆ ಗೊತ್ತಾಗಿದ್ದರೆ ಖಂಡಿತ ಮುಚ್ಚುತ್ತಿದ್ದೆ. ಒಳ್ಳೆಯದಾಯಿತು" ಎಂದರು.

ನನ್ನ ಕೋಣೆಗೆ ಮರಳುವಷ್ಟರಲ್ಲಿ ಅರಕಲಗೂಡಿನಿಂದ ಫೋನು. ಸಿಸ್ಟರಿಗೂ ಸುದ್ದಿ ಮುಟ್ಟಿತ್ತು, ದನಿ ಒದ್ದೆಯಾಗಿತ್ತು. "ಮೇಡಮ್, ಎಲ್ರೂ ಕೇಳ್ತಾವ್ರೆ. ಅವ್ರ ಗೌರವಕ್ಕೆ ಇವತ್ತು ಮಧ್ಯಾಹ್ನದಿಂದ ಸೆಂಟರ್ ಮುಚ್ಚಾಣ್ವಾ?"

"ಅವರ ಹೆಸರು ಹೇಳಿ ಆ ಬಾಗಿಲು ಹಾಕಬೇಡಿ, ಸಿಸ್ಟರ್" ಎಂದೆ.

ಆ ಕಡೆ ಸಿಸ್ಟರ್ ಮೂಗೊರೆಸಿಕೊಂಡದ್ದು ಕೇಳಿಸಿತು. ಫೋನಿಡುವ ಮುಂಚೆ ಅವರು ಹೊರಗಿನ ಬೆಂಚಿನ ಕಡೆ ತಿರುಗಿ, "ಮುಂದಿನೋರು ಯಾರು? ಬನ್ನಿ ಒಳಕ್ಕೆ" ಎಂದು ಕೂಗಿದರು.